ಅಳಿಯನ ಬೆನ್ನ ಮೇಲೆ ಹದಿನಾಲ್ಕು ಮಾವು

ಜಾಮಾಯಿ ಷಷ್ಠಿಯ ದಿನ ಬೆಳಿಗ್ಗೆ ಒಂಬತ್ತೂವರೆಗೆ, ಅತ್ತೆ ಮನೆಯ ಹಜಾರದಲ್ಲಿ ಕಂಚಿನ ತಟ್ಟೆಯ ಮುಂದೆ ಕೂತಿದ್ದ ಪಶುಪತಿ ಕುಂಡುವಿನ ಮೇಲ್ತುಟಿ ತುರಿಸತೊಡಗಿತು.

ತುಟಿ ತುರಿಸುವುದು ಎಲ್ಲಿಯೂ ಅಪರಾಧವಲ್ಲ. ಆದರೆ ಊರು ಬಂಗಾಳದ ಮಾಲ್ದಾ, ಮಾವಿನ ತವರು. ತಿಂಗಳು ಜ್ಯೇಷ್ಠ. ಅಳಿಯಂದಿರನ್ನು ಕರೆಸಿ, ಕೂರಿಸಿ, ಉಣಿಸುವ ಹಬ್ಬ. ಹೆಣ್ಣು ಕೊಟ್ಟವರಿಗೆ ನಲವತ್ತು ಬಿಘಾ ಮಾವಿನ ತೋಟ. ಅತ್ತೆ ಎದುರಿಗೇ ಕೂತು ತಾಳೆಗರಿಯ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದಾಳೆ. ತಟ್ಟೆಯಲ್ಲಿದ್ದ ಮೂರು ಹೋಳು ಮಾವು ಹೊಟ್ಟೆಗಿಳಿದು ಇನ್ನೂ ಐದು ನಿಮಿಷವಾಗಿಲ್ಲ. ಇಂಥ ಹೊತ್ತಿನಲ್ಲಿ ತುಟಿ ತುರಿಸುವುದೆಂದರೆ ಧಾರೆ ಎರೆಯುವಾಗ ವರ ಸೀನಿದ ಹಾಗೆ.

ಪಶುಪತಿ ತುಟಿಯನ್ನು ಒಳಗೆ ಎಳೆದುಕೊಂಡ. ಅದು ಮತ್ತೆ ಹೊರಗೆ ಬಂತು, ಬರುವಾಗ ಸ್ವಲ್ಪ ದೊಡ್ಡದಾಗಿಯೇ ಬಂತು.

ಮಾವು ತನಗೆ ಒಗ್ಗುವುದಿಲ್ಲ ಎಂಬುದು ಪಶುಪತಿಗೆ ಆರನೇ ವಯಸ್ಸಿನಿಂದ ಗೊತ್ತು. ಸಿಪ್ಪೆಯ ಸೊನೆ ಸೋಕಿದರೆ ಸಾಕು, ಮೈಮೇಲೆ ಪಿತ್ತದ ಗಂಧೆ ಎದ್ದಂತೆ ದದ್ದುಗಳು ಏಳುತ್ತಿದ್ದವು. ಮೂರು ವರ್ಷದ ಹಿಂದೆ ಜಲ್ಪಾಯಿಗುರಿಯಿಂದ ಹೆಣ್ಣು ನೋಡಲು ಬಂದಾಗ ಈ ಮನೆಯವರು ಅವನ ಸಂಬಳ ಕೇಳಲಿಲ್ಲ, ಗೋತ್ರವನ್ನೂ ಆಮೇಲೆ ಕೇಳಿದರು. ಮೊದಲು ಕೇಳಿದ್ದು, "ಹುಡುಗನಿಗೆ ಮಾವು ಅಂದ್ರೆ ಹೇಗೆ?" ಎಂದು. ಬಾಗಿಲ ಪರದೆಯ ಹಿಂದೆ ಚಾಮೇಲಿ ನಿಂತಿದ್ದಳು. ಪಶುಪತಿ ಪರದೆಯ ಕಡೆ ನೋಡಿ, "ಪ್ರಾಣ" ಎಂದುಬಿಟ್ಟ. ಅಂಚೆ ಗುಮಾಸ್ತನೊಬ್ಬ ಜೀವಮಾನದಲ್ಲಿ ಹೇಳಿದ ಮೊಟ್ಟಮೊದಲ ಸುಳ್ಳು ಅದು, ಅವನಿಗೆ ಅದರಿಂದ ಒಳ್ಳೆಯ ಹೆಂಡತಿ ಸಿಕ್ಕಳು ಎಂಬುದನ್ನೂ ಹೇಳಬೇಕು.

ಮೊದಲ ವರ್ಷದ ಷಷ್ಠಿಗೆ ರಜೆ ಸಿಗಲಿಲ್ಲವೆಂದ. ಎರಡನೇ ವರ್ಷ ಬಂದು, ತಿಂದು, ಊದಿ, ಕಣಜ ಕಚ್ಚಿತೆಂದ. ಈ ವರ್ಷ ಜಲ್ಪಾಯಿಗುರಿಯ ಚರ್ಮದ ಡಾಕ್ಟರು ಕೊಟ್ಟ ಮಾತ್ರೆ ತಂದಿದ್ದ. ಮಾತ್ರೆ ರೈಲಿನಲ್ಲೇ ಉಳಿಯಿತು, ಪಶುಪತಿ ಮಾತ್ರ ಇಳಿದ.

"ಅಳಿಯಂದ್ರ ತುಟಿ ಯಾಕೋ ದಪ್ಪ ಆಗ್ತಾ ಇದೆಯಲ್ಲ, ಬ್ರಜೋದಾ?"

ಮಾತಾಡಿದ್ದು ಪಕ್ಕದ ತೋಟದ ನಿಬಾರಣ ಮಂಡಲ. ಹಬ್ಬದ ದಿನ ಒಂದು ಬುಟ್ಟಿ ಲಂಗ್ಡಾ ಹಣ್ಣು ತಂದುಕೊಟ್ಟು, ಅದಕ್ಕೆ ಬದಲಾಗಿ ಈ ಮನೆಯ ಸುದ್ದಿಯೆಲ್ಲ ಒಯ್ಯುವುದು ಅವನ ವಾಡಿಕೆ.

"ಅವ್ರ ತುಟಿ ಹುಟ್ಟಿದಾಗಿಂದ ಹಾಗೇನೇ ಕಾಕಾ," ಎಂದಳು ಚಾಮೇಲಿ ಅಡುಗೆಮನೆ ಬಾಗಿಲಿಂದ.

"ಒಂಬತ್ತು ಗಂಟೆಗೆ ನೋಡಿದಾಗ ತೆಳ್ಳಗಿತ್ತಮ್ಮ. ಆಮೇಲೆ ಹುಟ್ಟಿದ್ರಾ?"

ಮಾವ ಬ್ರಜಗೋಪಾಲ ಸಾಹಾ ಪಂಚಾಂಗ ಕೆಳಗಿಟ್ಟು ಅಳಿಯನನ್ನು ನೋಡಿದ. ಅತ್ತೆ ಬೀಸಣಿಗೆ ನಿಲ್ಲಿಸಿದಳು. ಎಲ್ಲರೂ ತುಟಿ ನೋಡಿದರು. ನೋಡುತ್ತಿದ್ದಂತೆ ಅದು ಇನ್ನಷ್ಟು ಬೆಳೆಯಿತು.

"ಏನೇನು ತಿಂದ್ರಿ?" ಎಂದು ನಿಬಾರಣ ಪೊಲೀಸರ ಹಾಗೆ ವಿಚಾರಣೆ ಶುರುಮಾಡಿದ.

"ಒಂದು ಹೋಳು ಹಿಮ್‌ಸಾಗರ್, ಒಂದು ಹೋಳು ನಿಮ್ಮ ಲಂಗ್ಡಾ, ಒಂದು ಹೋಳು ಹೊಸ ಗುಟಿ," ಎಂದ ಪಶುಪತಿ.

"ಹ್ಞಾ! ಹೊಸದು. ಹಾಗಾದ್ರೆ ಅದೇ."

ಚಾಮೇಲಿ ಬಾಗಿಲು ಬಿಟ್ಟು ಹಜಾರಕ್ಕೆ ಬಂದಳು.

ಗುಟಿ ಎಂದರೆ ಕಸಿ ಮಾಡದ, ಗೊರಟೆಯಿಂದ ತಾನಾಗಿ ಹುಟ್ಟಿದ ಮರದ ಹಣ್ಣು. ಬ್ರಜಗೋಪಾಲನ ದನದ ಕೊಟ್ಟಿಗೆಯ ಹಿಂದೆ ಅಂಥದೊಂದು ಮರ ಹುಟ್ಟಿ, ಯಾರೂ ಕೇಳದೆಯೇ ಬೆಳೆದು, ಈಗ ಮೂರು ವರ್ಷದಿಂದ ಯಾರ ತೋಟದಲ್ಲೂ ಇಲ್ಲದ ಹಣ್ಣು ಕೊಡುತ್ತಿತ್ತು. ಅಂದು ಮಧ್ಯಾಹ್ನ ಮೂರಕ್ಕೆ ಊರ ಮೈದಾನದಲ್ಲಿ ಮಾವಿನ ಪ್ರದರ್ಶನ. ಹೊಸ ತಳಿಗೆ ಮೊದಲ ಬಹುಮಾನ ಬಂದರೆ ಅದರ ಹೆಸರು ಪ್ರದರ್ಶನದ ದೊಡ್ಡ ರಿಜಿಸ್ಟರಿಗೆ ಏರುತ್ತದೆ. ಆ ಹೆಸರು ಚಾಮೇಲಿಯದೆಂದು ಬ್ರಜಗೋಪಾಲ ಸರಸ್ವತಿ ಪೂಜೆಯ ದಿನವೇ ಮಾತು ಕೊಟ್ಟಿದ್ದ.

ಚಾಮೇಲಿಗೆ ಇದು ಸಣ್ಣ ಸಂಗತಿಯಲ್ಲ. ಅವಳ ಅಕ್ಕ ಮಾಲತಿಯ ಹೆಸರಿನಲ್ಲಿ ಆಗಲೇ ಒಂದು ತಳಿ ಇದೆ. ಮಾಲತಿಭೋಗ ಎಂದರೆ ಎರಡು ಸಂತೆಗೆ ಗೊತ್ತು. ಚಾಮೇಲಿಯ ಹೆಸರಿನಲ್ಲಿ ಇದುವರೆಗೆ ಇದ್ದದ್ದು ಒಂದು ಆಡು. ಅದೂ ಹೋದ ಚಳಿಗಾಲದಲ್ಲಿ ಸತ್ತಿತು. ಜಲ್ಪಾಯಿಗುರಿಯ ಅಂಚೆ ವಸತಿಯ ಹನ್ನೆರಡೂ ಮನೆಗಳಿಗೆ ಅವಳು ಬರುವ ಮೊದಲೇ "ಚಾಮೇಲಿಭೋಗ ತಂದುಕೊಡ್ತೀನಿ" ಎಂದು ಹೇಳಿ ಬಂದಿದ್ದಳು.

"ಬಾಯಿ ಊದಿಸೋ ಹಣ್ಣಿಗೆ ಬಹುಮಾನ ಯಾರು ಕೊಡ್ತಾರೆ?" ಎಂದ ನಿಬಾರಣ ಮೆಲ್ಲಗೆ. "ನಾನಂತೂ ಬಾಯಿ ಬಿಡಲ್ಲ. ತೀರ್ಪುಗಾರರು ಕೇಳಿದ್ರೆ ಮಾತ್ರ ಹೇಳ್ತೀನಿ. ಕೇಳ್ದೇ ಇದ್ರೆ ನೆನಪು ಮಾಡ್ತೀನಿ."

"ಲಂಗ್ಡಾ ಸೊನೆ ಎಂಥದ್ದು ಅಂತ ಊರಿಗೇ ಗೊತ್ತು!" ಬ್ರಜಗೋಪಾಲ ಎದ್ದು ನಿಂತ. "ಹೋದ ವರ್ಷ ನಿನ್ನ ಹಣ್ಣು ತಿಂದು ರೈಲ್ವೆ ಗೂಡ್ಸ್ ಬಾಬು ನಾಲ್ಕು ದಿನ ಮುಖ ತೊಳೀಲಿಲ್ಲ."

"ಅವನು ಯಾವತ್ತು ತೊಳೀತಾನೆ?"

ಈ ಜಗಳ ತನ್ನ ಮುಖದ ಮೇಲೆಯೇ ನಡೆಯುತ್ತಿರುವುದನ್ನು ಕಂಡು ಪಶುಪತಿಗೆ ನಾಚಿಕೆಯಾಯಿತು. ಒಳ್ಳೆಯ ಮನುಷ್ಯ ಅವನು. ನಿಜ ಹೇಳಿದರೆ ಹೊಸ ಹಣ್ಣಿನ ಮಾನವೂ ಉಳಿಯುತ್ತದೆ, ಲಂಗ್ಡಾದ ಮಾನವೂ ಉಳಿಯುತ್ತದೆ, ಹೋದರೆ ತನ್ನದೊಂದು ಹೋಗಲಿ ಎಂದುಕೊಂಡ. ಮಾವನ ಕಡೆ ತಿರುಗಿ, "ಬಾಬಾ, ಹಣ್ಣಿನ ತಪ್ಪಿಲ್ಲ. ನನಗೆ ಯಾವ ಮಾವೂ ಒಗ್ಗಲ್ಲ. ಚಿಕ್ಕಂದಿನಿಂದ," ಎಂದ.

ಇಷ್ಟು ಸರಳವಾದ ಸತ್ಯವನ್ನು ಮಾಲ್ದಾದಲ್ಲಿ ಅದುವರೆಗೆ ಯಾರೂ ಹೇಳಿರಲಿಲ್ಲ. ಆದ್ದರಿಂದ ಯಾರೂ ನಂಬಲಿಲ್ಲ. ಆ ಊರಿನವರ ಪ್ರಕಾರ ಲೋಕದಲ್ಲಿ ಕೆಟ್ಟ ಮಾವು ಇರಬಹುದು, ಮಾವು ಒಗ್ಗದ ಮನುಷ್ಯ ಇರುವುದಿಲ್ಲ.

ಬ್ರಜಗೋಪಾಲನ ಕಣ್ಣು ತುಂಬಿತು. "ನೋಡಿದ್ಯಾ ನಿಬಾರಣ? ನಿನ್ನ ಲಂಗ್ಡಾ ಮಾನ ಉಳಿಸೋಕೆ ನನ್ನ ಅಳಿಯ ತಪ್ಪು ತನ್ನ ತಲೆ ಮೇಲೆ ಹಾಕ್ಕೊಳ್ತಾ ಇದಾನೆ. ಮಾವು ಅಂದ್ರೆ ಪ್ರಾಣ ಅಂದ ಹುಡುಗ ಇವನು!"

"ದೊಡ್ಡ ಮನಸ್ಸು," ಎಂದು ನಿಬಾರಣನೂ ಒಪ್ಪಿಕೊಂಡ. "ಆದ್ರೂ ಹೊಸದೇ."

ಅತ್ತೆ ಬೀಸಣಿಗೆಯ ಹಿಡಿಯಿಂದ ನೆಲ ಕುಟ್ಟಿದಳು. ಅಳಿಯ ಮಧ್ಯಾಹ್ನದ ಊಟ ಮುಗಿಸುವವರೆಗೆ ಅವಳು ನೀರೂ ಮುಟ್ಟುವಂತಿಲ್ಲ. ಅದು ವ್ರತ. "ಜಗಳ ಆಮೇಲೆ ಆಡಿ. ಅಘೋರನ್ನ ಕರೆಸಿ. ಮೊದಲು ಯಾವ ಹಣ್ಣು ಅಂತ ಗೊತ್ತಾಗ್ಲಿ."

ಅಘೋರ ಡಾಕ್ಟರನ್ನು ಕರೆಸಬೇಕಾಗಲಿಲ್ಲ. ಎರಡು ಮನೆಯಾಚೆ ಹೋಮಿಯೋಪತಿ ಗುಳಿಗೆ ಕೊಡುವ ಆತ ಗಲಾಟೆ ಕೇಳಿಯೇ ಪೆಟ್ಟಿಗೆಯೊಂದಿಗೆ ಹೊರಟಿದ್ದ. ತುಟಿಯನ್ನು ಎರಡು ಬೆರಳಲ್ಲಿ ಹಿಡಿದು, ಬಟ್ಟೆ ಅಂಗಡಿಯಲ್ಲಿ ಅಂಚು ನೋಡುವಂತೆ ಮಗುಚಿ ನೋಡಿದ.

"ಸೊನೆಯ ಕೆಲಸ," ಎಂದ. "ತಿರುಳು ಮುಗ್ಧ. ತಪ್ಪೆಲ್ಲ ಸಿಪ್ಪೆ, ತೊಟ್ಟಿನದು. ಆದ್ರೆ ಎಲ್ಲಾ ತಳಿಯ ಸೊನೆಯೂ ಒಂದೇ ಅಲ್ಲ. ಗೋಪಾಲಭೋಗದ್ದು ಒಂಥರಾ, ಬೃಂದಾವನಿದು ಒಂಥರಾ. ಇದಕ್ಕೆ ವಾದ ಬೇಡ, ಪರೀಕ್ಷೆ ಬೇಕು."

"ಯಾರ ಮೇಲೆ?" ಎಂದು ಪಶುಪತಿ ಕೇಳಿದ. ಅವನ ದನಿಯಲ್ಲಿ ಆಸೆಯೇನೂ ಇರಲಿಲ್ಲ.

ಷಷ್ಠಿಯ ದಿನ ಅಳಿಯ ಯಾವುದಕ್ಕೂ ಒಲ್ಲೆ ಎನ್ನುವಂತಿಲ್ಲ. ಎಂದರೆ ಅತ್ತೆಗೆ ಅಶುಭ. ಐದು ನಿಮಿಷದಲ್ಲಿ ಹೊಸ ಜುಬ್ಬಾ ಬಿಚ್ಚಿಸಿ ಅವನನ್ನು ಹಜಾರದ ಮಂಚದ ಮೇಲೆ ಬೋರಲು ಮಲಗಿಸಿದರು. ಅತ್ತೆ ಕಾಲಿಗೆ ಹಚ್ಚಿಕೊಳ್ಳುವ ಕೆಂಪು ಆಲ್ತಾ ಸೀಸೆ ತಂದಳು. ಹಬ್ಬಕ್ಕೆ ಅಂಗಳದಲ್ಲಿ ರಂಗೋಲಿ ಬರೆದು ಪಳಗಿದ ಕೈ ಅದು. ಅಳಿಯನ ಬೆನ್ನ ಮೇಲೆ ಮೂರು ಚೌಕ ಮನೆಗಳನ್ನು ನೇರವಾಗಿ ಗೆರೆ ಎಳೆದು ಬರೆದಳು.

"ಒಂದನೇದು ಹಿಮ್‌ಸಾಗರ್, ಎರಡು ಲಂಗ್ಡಾ, ಮೂರು ಗುಟಿ," ಎಂದ ಅಘೋರ. "ಅವರವರ ಹಣ್ಣು ಅವರವರೇ ಉಜ್ಜೋ ಹಾಗಿಲ್ಲ. ನಿಬಾರಣ ಗುಟಿ ಉಜ್ಜಲಿ, ಬ್ರಜೋದಾ ಲಂಗ್ಡಾ."

ನ್ಯಾಯವಾದ ಏರ್ಪಾಡು. ಇದರಿಂದ ಇಬ್ಬರೂ ಸಂಕೋಚವಿಲ್ಲದೆ ಉಜ್ಜಿದರು. ನಿಬಾರಣ ತೊಟ್ಟಿನ ಕಡೆಯಿಂದ ಸಿಪ್ಪೆ ತೆಗೆದು, ಸೊನೆ ಹನಿಸಿ, ಹಿತ್ತಲಲ್ಲಿ ಸೀದ ಪಾತ್ರೆ ಬೆಳಗುವವರಂತೆ ಬೆಳಗಿದ. ಬ್ರಜಗೋಪಾಲ ಅಳಿಯನ ಮೇಲಿನ ಪ್ರೀತಿಯನ್ನು ಬದಿಗಿಟ್ಟು ಲಂಗ್ಡಾದ ಮನೆಯನ್ನು ಎರಡು ಸಲ ತಿಕ್ಕಿದ.

ಅಷ್ಟರಲ್ಲಿ ಬೇಲಿಯಾಚೆ ಸುದ್ದಿ ಹೋಗಿತ್ತು. ನಿವೃತ್ತ ಸ್ಟೇಷನ್ ಮಾಸ್ತರರೊಬ್ಬರು ಒಂದು ಲಕ್ಷ್ಮಣಭೋಗ ಹಿಡಿದುಕೊಂಡು ಬಂದರು.

"ಜಾಗ ಇದೆಯಾ? ನಮ್ಮದನ್ನೂ ಒಂದು ಕೈ ನೋಡಿ. ನಮ್ಮ ಸೊಸೆ ಎರಡು ವರ್ಷದಿಂದ ತಿಂದ ಮೇಲೆ ಗಲ್ಲ ಕೆರೀತಾಳೆ. ಸುಮ್ಸುಮ್ನೆ ಅನ್ಕೊಂಡಿದ್ವಿ."

"ಬೆನ್ನು ಅಗಲ ಇದೆ, ಬನ್ನಿ," ಎಂದ ಅಘೋರ.

ಅವರ ಹಿಂದೆ ಗೋಪಾಲಭೋಗ ಬಂತು. ಅದರ ಹಿಂದೆ ಬೃಂದಾವನಿ, ರಾಣಿಪಸಂದ್. ಆಷಾಢಕ್ಕೆ ಹಣ್ಣಾಗುವ ಫಜ್ಲಿಯನ್ನೂ ಯಾರೋ ಕಿತ್ತು ತಂದರು. "ಇದು ಇನ್ನೂ ಕಾಯಿ ಅಲ್ವಾ?" ಎಂದು ಪಶುಪತಿ ದಿಂಬಿನೊಳಗಿಂದ ತಡೆಯಲು ನೋಡಿದ. "ಕಾಯೀಲೇ ಸೊನೆ ಚೆನ್ನಾಗಿರೋದು," ಎಂದು ಉತ್ತರ ಬಂತು. ದೊಡ್ಡ ಮಗಳ ಮೇಲೆ ಅನ್ಯಾಯವಾಗಬಾರದೆಂದು ಅತ್ತೆ ಮಾಲತಿಭೋಗವನ್ನೂ ಸೇರಿಸಿದಳು. ಮಾಲತಿಯ ಗಂಡ ಬಂದಿದ್ದರೆ ಬೆನ್ನುಗಳು ಎರಡಾಗುತ್ತಿದ್ದವು. ಆದರೆ ಆತನಿಗೆ ಈ ವರ್ಷ ರಜೆ ಸಿಕ್ಕಿರಲಿಲ್ಲ. ಅವನಿಗೆ ಏಕೆ ಸಿಕ್ಕಿರಲಿಲ್ಲವೆಂದು ಪಶುಪತಿಗೆ ಅಂದು ಮೊದಲ ಸಲ ಅನುಮಾನ ಬಂತು.

ಕೊನೆಗೆ ಮನೆಗಳು ಹದಿನಾಲ್ಕಾದವು. ಕೆಳಗಿನ ಸಾಲು ಸೊಂಟಕ್ಕೆ ಇಳಿದಿತ್ತು. ಅಘೋರ ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡು ಗಡಿಯಾರ ನೋಡಿದ. "ಒಂದು ಗಂಟೆ ಕಾಲ. ಯಾರೂ ಮುಟ್ಟಬೇಡಿ. ಅಳಿಯಂದ್ರೇ, ನೀವು ಅಲ್ಲಾಡಬೇಡಿ. ಫಜ್ಲಿ ಹರಿದು ರಾಣಿಪಸಂದ್‌ಗೆ ಸೇರ್ಬಿಡುತ್ತೆ."

ಜನ ಅಂಗಳಕ್ಕಿಳಿದು ಮಂಡಕ್ಕಿ ತಿನ್ನಲು ಕೂತರು. ಬ್ರಜಗೋಪಾಲ ಪ್ರದರ್ಶನದ ಹಣ್ಣು ಒರೆಸಲು ಹೋದ. ನಿಬಾರಣ ಬಾಗಿಲಲ್ಲೇ ಕಾವಲಿಗೆ ಕೂತವನು ಎರಡು ತುತ್ತು ಮಂಡಕ್ಕಿಯ ನಂತರ ತೂಕಡಿಸಿದ. ಬೆನ್ನಿಗೆ ಗಾಳಿ ಹಾಕುವ ನೆಪದಲ್ಲಿ ಚಾಮೇಲಿ ಬಂದು ಮಂಚದ ಪಕ್ಕ ಕೂತಳು.

"ಹೇಗಿದೆ?" ಎಂದಳು ಪಿಸುದನಿಯಲ್ಲಿ.

"ಇರುವೆ ಗೂಡಿನ ಮೇಲೆ ಮಲಗಿದ ಹಾಗಿದೆ. ಗೂಡು ಮೇಲ್ಗಡೆ ಇದೆ ಅಷ್ಟೇ."

"ಯಾವುದು ಎದ್ದಿದೆ ಅಂತ ನಿಮಗೆ ಗೊತ್ತಾಗ್ತಿದೆಯಾ?"

"ಎಲ್ಲಾನೂ ಏಳುತ್ತೆ ಚಾಮೇಲಿ. ಹದಿನಾಲ್ಕೂ ಏಳುತ್ತೆ. ಜಲ್ಪಾಯಿಗುರಿ ಡಾಕ್ಟ್ರು ಹೇಳಿಲ್ವಾ?"

ಚಾಮೇಲಿ ಬಗ್ಗಿ ನೋಡಿದಳು. ಮೂರನೇ ಮನೆಯಲ್ಲಿ ಆಗಲೇ ಕೆಂಪು ಕಾಣತೊಡಗಿತ್ತು. ಅವಳು ಅಡುಗೆಮನೆಯಿಂದ ನೀರು, ಸೋಪು, ಮೊಸರು ತಂದು, ಸೀರೆಯ ಸೆರಗನ್ನು ನೀರಿಗೆ ಅದ್ದಿ, ಸೋಪು ಸವರಿ, ಆ ಒಂದು ಮನೆಯನ್ನು ಮಾತ್ರ, ಆಲ್ತಾ ಗೆರೆ ಕೆಡದ ಹಾಗೆ, ಮೂರು ಸಲ ಒರೆಸಿದಳು. ಆಮೇಲೆ ಅದರ ಮೇಲೆ ತಣ್ಣನೆ ಎಮ್ಮೆ ಮೊಸರಿನ ಕೆನೆ ಇಟ್ಟಳು. ಪಶುಪತಿಗೆ ಕಣ್ಣೀರು ಬರುವಷ್ಟು ಹಾಯೆನಿಸಿತು. ಲೋಕದಲ್ಲಿ ತನ್ನ ಮೇಲೆ ಕರುಣೆಯುಳ್ಳವಳು ಒಬ್ಬಳಾದರೂ ಇದ್ದಾಳೆ ಎನಿಸಿತು.

"ಹ್ಞಾ, ಹಾಗೇ. ಈಗ ಪಕ್ಕದ್ದು."

"ಪಕ್ಕದ್ದು ಇಲ್ಲ."

"ಅಂದ್ರೆ?"

"ಎಲ್ಲಾ ಒರೆಸಿದ್ರೆ ಯಾವುದೂ ಏಳಲ್ಲ. ಉಳಿದದ್ದು ಎದ್ರೆ ತಾನೇ ನನ್ನದು ಒಳ್ಳೇದು ಅಂತ ಕಾಣೋದು?"

"ಲಂಗ್ಡಾ ಒಂದಾದ್ರೂ ಒರೆಸೇ. ಅದು ಮೂಳೆವರೆಗೂ ಹೋಗಿದೆ."

"ಸ್ವಲ್ಪ ತಡ್ಕೊಳ್ಳಿ. ನನಗೋಸ್ಕರ. ನಾಳೆ ಎಲ್ಲಾ ಇಳಿಯುತ್ತೆ, ಹೆಸರು ನೂರು ವರ್ಷ ಇರುತ್ತೆ." ಅವಳು ಅವನ ಕಿವಿಯ ಹಿಂದಿನ ಕೂದಲು ಸರಿಪಡಿಸಿ, ಕೆನೆ ಒರೆಸಿ, ಎದ್ದು ಹೋದಳು. ಪಶುಪತಿ ದಿಂಬಿನ ಮೂಲೆ ಕಚ್ಚಿಕೊಂಡು ತಡೆದುಕೊಂಡ. ಮದುವೆಯಾದ ಮೇಲೆ ಅವಳು ಅವನಲ್ಲಿ ಕೇಳಿದ್ದು ಇದೊಂದೇ.

ಹನ್ನೊಂದೂ ಮುಕ್ಕಾಲಿಗೆ ಅಘೋರ ಚಾಳೀಸು ಏರಿಸಿ ಹಾಜರಿ ಕರೆದ. ಊರೆಲ್ಲ ಮಂಚದ ಸುತ್ತ ನೆರೆದಿತ್ತು.

"ಹಿಮ್‌ಸಾಗರ್?"

"ಎದ್ದಿದೆ," ಎಂದ ಬ್ರಜಗೋಪಾಲ ತಗ್ಗಿದ ದನಿಯಲ್ಲಿ. ಅದು ಅವನದೇ ತೋಟದ್ದು.

"ಲಂಗ್ಡಾ?"

"ಎದ್ದು ಕೂತಿದೆ," ಎಂದರು ನಾಲ್ಕು ಜನ.

"ಗುಟಿ?"

ಅಘೋರ ಬಗ್ಗಿದ. ಬೆರಳಿನಿಂದ ಸವರಿದ. ಭೂತಗನ್ನಡಿ ತರಿಸಿ ನೋಡಿದ. ಸುತ್ತ ಕೆಂಪು ಗುಡ್ಡಗಳ ನಡುವೆ ಮೂರನೇ ಮನೆ ಗುಡಿಸಿದ ಅಂಗಳದಂತೆ ಸ್ವಚ್ಛವಾಗಿತ್ತು.

"ಇಲ್ಲ!" ಎಂದ ಅಘೋರ. "ಒಂದು ಕಡಲೆಕಾಳಿನಷ್ಟೂ ಇಲ್ಲ!"

ಲಕ್ಷ್ಮಣಭೋಗ ಎದ್ದಿತ್ತು. ಸ್ಟೇಷನ್ ಮಾಸ್ತರರು ಸೊಸೆಯ ಮುಖ ನೆನೆದು ತಲೆ ತಗ್ಗಿಸಿದರು. ಗೋಪಾಲಭೋಗ, ಬೃಂದಾವನಿ ಎರಡೂ ಎದ್ದು ಕೈ ಕೈ ಹಿಡಿದಿದ್ದವು. ಫಜ್ಲಿಯ ದದ್ದನ್ನು ಕಂಡು ಅದರ ಯಜಮಾನನಿಗೂ ಹೆಮ್ಮೆಯಾಗದಿರಲಿಲ್ಲ, ಅಷ್ಟು ದೊಡ್ಡದಿತ್ತು. ಮಾಲತಿಭೋಗವೂ ಎದ್ದಿದೆ ಎಂದಾಗ ಚಾಮೇಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹದಿಮೂರು ಎದ್ದು, ಒಂದು ಮಾತ್ರ ಮಲಗಿತ್ತು.

"ತುರಿಸದ ಮಾವು!" ಬ್ರಜಗೋಪಾಲನ ದನಿ ನಡುಗಿತು. "ನನ್ನ ಕೊಟ್ಟಿಗೆ ಹಿಂದೆ!"

ಬೋರಲು ಮಲಗಿದ್ದ ಪಶುಪತಿಯನ್ನು ಜನ ತಟ್ಟಿ ಅಭಿನಂದಿಸಿದರು. ಬೆನ್ನಿಗೇ ತಟ್ಟಿದರು.

ನಿಬಾರಣನ ಮುಖ ಮಾತ್ರ ಹರಳೆಣ್ಣೆ ಕುಡಿದವನಂತಿತ್ತು. "ಬೆನ್ನಿಗೇನು, ಬೆನ್ನು ಹಣ್ಣು ತಿನ್ನುತ್ತಾ?" ಎಂದ. "ಮೂರು ಗಂಟೆಗೆ ಪ್ರದರ್ಶನಕ್ಕೆ ಬರಲಿ. ತೀರ್ಪುಗಾರರ ಎದುರಿಗೆ ಇಡೀ ಹಣ್ಣು ತಿನ್ನಲಿ. ಆಗ ಒಪ್ತೀನಿ."

"ಒಂದಲ್ಲ, ಎರಡು ತಿಂತಾನೆ!" ಎಂದ ಬ್ರಜಗೋಪಾಲ. ತಿನ್ನಬೇಕಾದವನನ್ನು ಯಾರೂ ಕೇಳಲಿಲ್ಲ.

ಊಟಕ್ಕೆ ಕೂರಿಸಿದರು. ಹಿಲ್ಸಾ ಮೀನು, ಸಿಗಡಿ, ಲೂಚಿ, ಪಾಯಸ ಎಲ್ಲ ಸೇರಿ ಹನ್ನೊಂದು ಬಟ್ಟಲು. ಅವನಿಗೆ ರುಚಿ ತಿಳಿಯಲಿಲ್ಲ. ಜುಬ್ಬಾ ತೊಟ್ಟರೆ ಬೆನ್ನು ಉರಿಯುತ್ತಿದ್ದುದರಿಂದ ಬರಿಮೈಯಲ್ಲೇ ಉಂಡ. ಅತ್ತೆ ಪಾಪ ಉಪವಾಸದಲ್ಲಿ ಕಣ್ಣು ಕತ್ತಲೆ ಬಂದು ಗೋಡೆಗೆ ಒರಗಿದ್ದಳು. ಅವಳಿಗೋಸ್ಕರವಾದರೂ ಬಟ್ಟಲು ಖಾಲಿ ಮಾಡಿದ. ಅಳಿಯ ಅಲ್ಲ, ಮಗಳ ಗಂಡ ಎನ್ನುವ ಗಾದೆಯಿದೆ. ಆ ಮನೆಯಲ್ಲಿ ಎರಡೂ ಕೆಲಸವನ್ನು ಅವನೊಬ್ಬನೇ ಮಾಡುತ್ತಿದ್ದ.

ಕೈ ತೊಳೆಯುವಾಗ ಅವನು ಹೆಂಡತಿಯನ್ನು ಬಚ್ಚಲ ಹತ್ತಿರ ತಡೆದ. "ಚಾಮೇಲಿ, ಇಡೀ ಹಣ್ಣು ತಿಂದ್ರೆ ನಾಲಿಗೆ ಊದುತ್ತೆ."

"ದಪ್ಪಗೆ ಸಿಪ್ಪೆ ತೆಗೆದು ನಾನೇ ಕೊಯ್ದು ಕೊಡ್ತೀನಿ. ತುಟಿ ಬೆಳಿಗ್ಗೇನೇ ಊದಿದೆ. ಇನ್ನು ಸ್ವಲ್ಪ ಊದಿದ್ರೆ ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತೆ."

"ನೀವು ಹೇಳಲ್ಲ ಬಿಡಿ," ಎಂದಳು ಅವಳು, ತುಂಬ ನಂಬಿಕೆಯಿಂದ.

ಮೂರು ಗಂಟೆಗೆ ಮೈದಾನದ ಚಪ್ಪರದಲ್ಲಿ ಜನ ಕಿಕ್ಕಿರಿದಿತ್ತು. ಬಿಳಿ ಬಟ್ಟೆ ಹಾಸಿದ ಉದ್ದನೆಯ ಮೇಜುಗಳ ಮೇಲೆ ಹಣ್ಣುಗಳು ಶಾಲೆಯ ಮಕ್ಕಳಂತೆ ಸಾಲಾಗಿ ಕೂತಿದ್ದವು. ತೀರ್ಪುಗಾರ ಶಿಬನಾಥ ಬಾಬು ಎಲುಬಿನ ಹಂದರದಂಥ ಮುದುಕ. ನಲವತ್ತು ವರ್ಷದಿಂದ ಬೇರೆಯವರ ಮಾವು ತಿಂದು ತಪ್ಪು ಹುಡುಕುತ್ತ ಬಂದವನು, ನಕ್ಕಿದ್ದನ್ನು ಯಾರೂ ಕಂಡಿರಲಿಲ್ಲ. ಅವನು ಗುಟಿ ಹಣ್ಣನ್ನು ಮೂಸಿದ, ಕೊಯ್ದ, ಒಂದು ಹೋಳು ಬಾಯಿಗಿಟ್ಟು ಕಣ್ಣು ಮುಚ್ಚಿದ. ಹಣ್ಣು ನಿಜಕ್ಕೂ ಚೆನ್ನಾಗಿತ್ತು. ಪಶುಪತಿಯ ಕತೆ ಹೇಳುವ ಭರದಲ್ಲಿ ಅದನ್ನು ಹೇಳದೆ ಹೋದರೆ ಹಣ್ಣಿಗೆ ಅನ್ಯಾಯವಾದೀತು.

"ರುಚಿ ಇದೆ," ಎಂದ ಶಿಬನಾಥ ಬಾಬು. "ರುಚಿ ಇರೋದು ಇನ್ನೂ ಆರು ಇವೆ. ಇದರಲ್ಲಿ ಏನು ವಿಶೇಷ?"

"ಇದು ತುರಿಸಲ್ಲ ಸ್ವಾಮಿ!" ಎಂದು ಬ್ರಜಗೋಪಾಲ ಅಳಿಯನನ್ನು ಮುಂದೆ ತಳ್ಳಿದ. "ಪುರಾವೆ ತಂದಿದೀನಿ."

ಪಶುಪತಿಯನ್ನು ಮೇಜಿನ ಮೇಲೆ ಹತ್ತಿಸಿ ಬೆನ್ನು ತಿರುಗಿಸಿದರು. ಶಿಬನಾಥ ಬಾಬು ಪೆನ್ಸಿಲು ಹಿಡಿದು ಒಂದೊಂದೇ ಮನೆ ಎಣಿಸಿದ. ಹಿಂದಿನ ಸಾಲಿನವರಿಗೆ ಕಾಣುವುದಿಲ್ಲವೆಂದು ಗದ್ದಲವಾಯಿತು. ಪಶುಪತಿ ನಿಧಾನಕ್ಕೆ ಸುತ್ತು ತಿರುಗಿ ನಾಲ್ಕೂ ದಿಕ್ಕಿಗೆ ಬೆನ್ನು ತೋರಿಸಿದ. ತಮ್ಮ ತಮ್ಮ ತಳಿಯ ದದ್ದು ಕಂಡ ಬೆಳೆಗಾರರು ಒಬ್ಬರನ್ನೊಬ್ಬರು ನೋಡಿಕೊಂಡರು.

"ಈಗ ತಿನ್ನಿಸಿ," ಎಂದ ನಿಬಾರಣ.

ಚಾಮೇಲಿ ಕೊಯ್ದು ಕೊಟ್ಟಳು. ಪಶುಪತಿ ತಿಂದ. ಮೊದಲ ಹೋಳಿಗೆ ಗಂಟಲು ಬಿಗಿಯಿತು. ಮೂರನೆಯದಕ್ಕೆ ನಾಲಿಗೆ ಹಲ್ಲಿಗೆ ತಾಗಿತು. ಐದನೆಯದಕ್ಕೆ ನಾಲಿಗೆಗೆ ಬಾಯಿಯಲ್ಲಿ ಜಾಗ ಸಾಲದಾಯಿತು. ಆದರೂ ಅವನು ಗೊರಟೆಯವರೆಗೆ ಹೋಗಿ ನಿಂತ. ಎರಡು ಕಣ್ಣಿಂದಲೂ ಧಾರಾಕಾರವಾಗಿ ನೀರು ಇಳಿಯುತ್ತಿತ್ತು. ಆ ಕಣ್ಣೀರಿನ ಹಿಂದಿನಿಂದ ಅವನಿಗೆ ಚಾಮೇಲಿಯ ಮುಖ ಕಂಡಿತು. ಹೊಸ ಗೆರೆಗೆರೆ ಡೋರಿಯಾ ಸೀರೆಯಲ್ಲಿ, ಚಾಕು ಹಿಡಿದ ಕೈ ಎದೆಗೊತ್ತಿಕೊಂಡು, ಅವಳು ಉಸಿರು ಬಿಗಿಹಿಡಿದು ನಿಂತಿದ್ದಳು. ಇಷ್ಟು ಕಷ್ಟವೂ ಸಾರ್ಥಕವೆಂದು ಅವನಿಗನ್ನಿಸಿತು.

"ಹೇಗಿದೆ?" ಎಂದು ಶಿಬನಾಥ ಬಾಬು ಕೇಳಿದ.

ಪಶುಪತಿಗೆ ಉತ್ತರ ಹೊರಡಲಿಲ್ಲ. ಕೈಯೆತ್ತಿ ಮುಗಿದ. ಕಣ್ಣೀರು ಇನ್ನೂ ಇಳಿಯುತ್ತಲೇ ಇತ್ತು.

ಶಿಬನಾಥ ಬಾಬು ಬಹಳ ಹೊತ್ತು ಅವನನ್ನು ನೋಡಿದ. "ನಲವತ್ತು ವರ್ಷದಲ್ಲಿ," ಎಂದ ನಿಧಾನವಾಗಿ, "ಮಾವು ತಿಂದು ಹೀಗೆ ಅತ್ತವರನ್ನ ನಾನು ಕಂಡಿಲ್ಲ. ಮೊದಲ ಬಹುಮಾನ."

ಚಪ್ಪರ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಮಾತಿಗೆ ತಪ್ಪದ ನಿಬಾರಣ ಕೂಡ ಎರಡು ಚಪ್ಪಾಳೆ ತಟ್ಟಿದ. ಗುಮಾಸ್ತ ದೊಡ್ಡ ರಿಜಿಸ್ಟರು ತೆರೆದು, ಪೆನ್ನು ಕೊಡವಿ, "ತಳಿಯ ಹೆಸರು ಹೇಳಿ," ಎಂದ.

ಚಾಮೇಲಿ ತಲೆಯ ಮೇಲೆ ಸೆರಗು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದಳು.

ಬ್ರಜಗೋಪಾಲ ಕನ್ನಡಕ ತೆಗೆದು ಒರೆಸಿಕೊಂಡ. "ಒಂದು ಹೆಸರು ಮೊದಲೇ ಯೋಚಿಸಿದ್ದೆ," ಎಂದ. "ಆದ್ರೆ ಮಕ್ಕಳ ಹೆಸರು ಯಾರು ಬೇಕಾದ್ರೂ ಇಡ್ತಾರೆ ಸ್ವಾಮಿ. ಮಾವನ ಮರದ ಮಾನಕ್ಕೋಸ್ಕರ ಸ್ವಂತ ಚರ್ಮ ಒಡ್ಡಿದ ಅಳಿಯ ಯಾವ ತೋಟಕ್ಕೆ ಸಿಕ್ಕಿದಾನೆ? ಬರ್ಕೊಳ್ಳಿ, ಪಶುಪತಿಭೋಗ."

ಜನ ಮತ್ತೆ ಚಪ್ಪಾಳೆ ತಟ್ಟಿದರು. ಪೆನ್ನು ಕಾಗದಕ್ಕೆ ಇಳಿದು, ಹೆಸರಿನ ಮುಂದೆ 'ಎಲ್ಲರಿಗೂ ಒಗ್ಗುವ ಹಣ್ಣು' ಎಂದೂ ಬರೆಯಿತು.

ಪಶುಪತಿ ಮೇಜಿನ ಮೇಲಿಂದ ಎರಡೂ ಕೈ ಬೀಸಿದ. ಬೇಡ ಬೇಡ ಎಂದು ತಲೆಯಲ್ಲಾಡಿಸಿದ. ಹೆಂಡತಿಯ ಕಡೆ ಬೆರಳು ತೋರಿಸಿದ. ಬಾಯಿಂದ ಕರು ಕರೆದಂಥ ಒಂದು ಸದ್ದು ಬಂತು. "ಎಂಥ ವಿನಯ!" ಎಂದಿತು ಜನ. ಹೆಂಡತಿಯನ್ನೂ ಫೋಟೋಕ್ಕೆ ಕರೆಯುತ್ತಿದ್ದಾನೆಂದು ತಿಳಿದ ಫೋಟೋದವನು ಚಾಮೇಲಿಯನ್ನು ಎಳೆದು ತಂದು ಮೇಜಿನ ಪಕ್ಕ ನಿಲ್ಲಿಸಿದ.

ಪಶುಪತಿ ಕೆಳಗೆ ನೋಡಿದ, ಅವಳು ಮೇಲೆ ನೋಡಿದಳು. ಹೆಸರು ಅಳಿಸಲು ಇನ್ನು ಒಂದೇ ದಾರಿಯಿತ್ತು. ಮೂರನೇ ಮನೆಯನ್ನು ಸೋಪು ಹಚ್ಚಿ ತೊಳೆದದ್ದನ್ನು ಹೇಳಬೇಕು. ಹೇಳಿದರೆ ಹಣ್ಣೂ ಹೋಗುತ್ತದೆ, ಬಹುಮಾನವೂ ಹೋಗುತ್ತದೆ, ಅವಳ ಅಪ್ಪನ ಮರ್ಯಾದೆಯೂ ಹೋಗುತ್ತದೆ, ತೊಳೆದವಳು ಯಾರೆಂದೂ ಗೊತ್ತಾಗುತ್ತದೆ. ಚಾಮೇಲಿ ತುಟಿ ಬಿಗಿದಳು. ಪಶುಪತಿಗೆ ಬಿಗಿಯಲು ಆಗಲಿಲ್ಲ, ಆದರೂ ಸುಮ್ಮನಿದ್ದ. ಅವಳ ಕಣ್ಣಂಚಿನಲ್ಲಿ ನೀರು ನಿಂತದ್ದನ್ನು ನೋಡಿ ಅವನಿಗೆ ಬೆನ್ನಿನ ಉರಿಗಿಂತ ಹೆಚ್ಚು ಸಂಕಟವಾಯಿತು. ಫೋಟೋದಲ್ಲಿ ಇಬ್ಬರೂ ಆನಂದಬಾಷ್ಪ ಸುರಿಸುತ್ತಿರುವಂತೆ ಬಂದಿದೆ.

ಸಂಜೆ ನಾಲಿಗೆ ಸ್ವಲ್ಪ ಇಳಿದ ಮೇಲೆ ಅವನು ಬ್ರಜಗೋಪಾಲನ ಕಾಲು ಹಿಡಿದುಕೊಂಡು, "ಬಾಬಾ, ಆ ಹೆಸರು ಚಾಮೇಲಿಗೆ ಕೊಡಿ," ಎಂದು ಬೇಡಿಕೊಂಡ. ಬ್ರಜಗೋಪಾಲ ಅವನನ್ನು ಎತ್ತಿ ಅಪ್ಪಿಕೊಂಡ, ಬೆನ್ನು ಸವರಿದ, "ಇಂಥ ಮಾತಾಡ್ತೀಯ ಅಂತಲೇ ನಿನ್ನ ಹೆಸರು ಇಟ್ಟಿದ್ದು," ಎಂದ. ಇನ್ನು ಮೇಲೆ ಪ್ರತಿ ಷಷ್ಠಿಗೆ ಆ ಮರದ ಮೊದಲ ಹಣ್ಣು ಊರವರ ಎದುರಿಗೆ ಪಶುಪತಿಯೇ ತಿನ್ನಬೇಕೆಂದೂ, ಉಳಿದ ಹಣ್ಣು ಬುಟ್ಟಿಯಲ್ಲಿ ಜಲ್ಪಾಯಿಗುರಿಗೆ ಬರುತ್ತದೆಂದೂ ಅಪ್ಪಣೆಯಾಯಿತು.

ಹಿಂದಿರುಗುವ ರೈಲಿನಲ್ಲಿ ಸೀಟಿನ ಕೆಳಗೆ ಎರಡು ಬುಟ್ಟಿಗಳಿದ್ದವು. ಚಾಮೇಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಬೆನ್ನು ಸೀಟಿಗೆ ತಾಗಿಸಲಾಗದೆ ಪಶುಪತಿ ಮುಂದಕ್ಕೆ ಬಾಗಿ ಕೂತಿದ್ದ. ಕೊನೆಗೆ ಅವಳು ಬುಟ್ಟಿಯಿಂದ ಒಂದು ಹಣ್ಣು ತೆಗೆದು, ತೊಟ್ಟು ಮುರಿದು, ಸಿಪ್ಪೆ ತೆಗೆಯದೆಯೇ ಕೊಯ್ದು, ಹೋಳನ್ನು ಅವನ ಮುಂದೆ ಹಿಡಿದಳು.

"ಚಾಮೇಲಿ," ಎಂದ ಅವನು, "ನನಗೆ ಒಗ್ಗಲ್ಲ ಅಂತ ನಿನಗಾದ್ರೂ ಗೊತ್ತಲ್ಲ."

"ಒಗ್ಗುತ್ತೆ ಅಂತ ರಿಜಿಸ್ಟರಿನಲ್ಲಿ ಬರೆದಿದೆ," ಎಂದಳು ಚಾಮೇಲಿ. "ತಿನ್ನಿ."